ಮುಖ ಮುಚ್ಚಿಕೊಂಡು ನಡೆದ ಹವಾಲ್ದಾರರು

ಅವರ ಮೈಗೆ ಯಾವ ವಾಸನೆಯೂ ಇರಲಿಲ್ಲ. ದನದ ದವಾಖಾನೆಯಲ್ಲಿ ಡಾಕ್ಟರಾಗಿ ಇಷ್ಟು ವರ್ಷ ದುಡಿದ ನನಗೆ ಇದು ಸಣ್ಣ ಸಂಗತಿಯಲ್ಲ. ಬಾಗಿಲಿಗೆ ಬಂದು ನಿಂತವರು ಬಾಯಿ ತೆರೆಯುವ ಮೊದಲೇ ಅವರ ಮನೆಯಲ್ಲಿರುವುದು ಆಡೋ ಎಮ್ಮೆಯೋ ಎಂದು ನನ್ನ ಮೂಗು ಹೇಳಿಬಿಡುತ್ತಿತ್ತು. ಪೊಲೀಸರು ಬಂದರೆ ಬೂಟ್ ಪಾಲಿಶ್, ತಲೆಯ ಎಣ್ಣೆ, ಬಾಯೊಳಗಿನ ಜರ್ದಾ ಎಲ್ಲವೂ ಅವರಿಗಿಂತ ಒಂದು ಹೆಜ್ಜೆ ಮುಂದಾಗಿ ಒಳಗೆ ಬರುತ್ತಿದ್ದವು. ಈ ಹವಾಲ್ದಾರರು ಬಂದರೆ ಮಾತ್ರ ಏನೂ ಬರುತ್ತಿರಲಿಲ್ಲ. ಸ್ನಾನಕ್ಕೆ ಕಡಲೆಹಿಟ್ಟು, ತಲೆಗೆ ಎಣ್ಣೆಯಿಲ್ಲ, ಬಾಯಿಗೆ ಎಲೆ ಅಡಿಕೆಯಿಲ್ಲ. ಹೆಂಡತಿ ಹಬ್ಬದ ದಿನ ಒಂದು ಮೊಳ ಮಲ್ಲಿಗೆ ಮುಡಿದರೆ ಅವರು ತಾಟು ಎತ್ತಿಕೊಂಡು ಹೊರಗಿನ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದರಂತೆ. ಆಕೆಯೇ ನನಗೆ ನಗುತ್ತಾ ಹೇಳಿದ್ದು; ಆ ನಗೆಯಲ್ಲಿ ಸ್ವಲ್ಪ ಹುಳಿಯೂ ಇತ್ತು.

"ಇಷ್ಟು ಮಡಿ ಯಾಕ್ರಿ ಹವಾಲ್ದಾರರ?" ಎಂದು ಒಮ್ಮೆ ಕೇಳಿದ್ದೆ.

"ನನ್ನ ವಾಸನಿ ಜಾಸ್ತಿ ಆದ್ರ ಆಕಿ ಕೆಲಸಕ್ಕ ಅಡ್ಡ ಬರತದ್ರಿ ಮೇಡಂ," ಎಂದರು. "ಆಕಿ ಮೂಗಿನ ಮುಂದ ನಾ ಯಾಕ ನಿಂದ್ರಲಿ?"

ಆಕಿ ಎಂದರೆ ರಾಣಿ. ಹಳದಿ ಮೈಯ ಲ್ಯಾಬ್ರಡಾರ್ ನಾಯಿ. ಬಾಂಬು, ಮದ್ದು ಹುಡುಕುವುದು ಅವಳ ಕೆಲಸ. ಹವಾಲ್ದಾರರು ಅವಳ ಹ್ಯಾಂಡ್ಲರ್. ಮೊನ್ನೆ ಕಮಲಾಪುರದಿಂದ ಅವರ ಮಗಳು ಫೋನ್ ಮಾಡಿ, "ಅಪ್ಪ ಹೋದ್ರು ಮೇಡಂ, ನಿನ್ನೆ ಮಣ್ಣು ಆತು," ಎಂದಳು. ಮೊದಲೇ ತಿಳಿದಿದ್ದರೂ ನನ್ನ ಮೊಣಕಾಲು ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ಮಣ್ಣಿಗೆ ಹೋಗಲಾಗದವಳು ಕೂತಲ್ಲೇ ಮಾಡಬಹುದಾದದ್ದು ಇದೊಂದೇ ಎಂದು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಮುಜುಗರವಾಗುತ್ತಿತ್ತು. ನಾಯಿಯ ಹೆಸರು ಅಚ್ಚಾದರೆ ಮಾತ್ರ ಊರೆಲ್ಲ ತೋರಿಸಿಕೊಂಡು ಬರುತ್ತಿದ್ದರು.

ತೊಂಬತ್ತರ ದಶಕದ ಮೊದಲಿಗೆ ನಾನು ಕಲಬುರಗಿಗೆ ವರ್ಗವಾಗಿ ಬಂದು ಗಾಜಿಪುರದಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಹೆಂಗಸು ದನದ ಡಾಕ್ಟರ್ ಎಂದರೆ ಊರವರಿಗೆ ಆಗ ಇನ್ನೂ ನೋಡುವ ವಸ್ತುವೇ. ಎತ್ತು ತಂದವರು, "ಡಾಕ್ಟರ್ ಸಾಹೇಬ್ರು ಎಲ್ಲಿ?" ಎಂದು ನನ್ನನ್ನೇ ಕೇಳುತ್ತಿದ್ದರು. ಬಂದ ವಾರದಲ್ಲೇ ಈ ಹವಾಲ್ದಾರರು ರಾಣಿಯನ್ನು ಹುಚ್ಚುನಾಯಿ ರೋಗದ ಚುಚ್ಚುಮದ್ದಿಗೆ ಕರೆತಂದರು. ಅವಳಿಗೆ ಆಗ ಎರಡು ತುಂಬಿರಲಿಲ್ಲ. ನಾನು ಎಲ್ಲರೂ ಮಾಡುವಂತೆ ಎಡಗೈಯಲ್ಲಿ ಬಿಸ್ಕೀಟು ತೋರಿಸಿ, ಬಲಗೈಯ ಸೂಜಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಬಾರೇ, ಏನೂ ಮಾಡಂಗಿಲ್ಲ," ಎಂದು ಮುದ್ದು ಮಾಡಿದೆ.

"ಜರಾ ನಿಂದ್ರಿ ಮೇಡಂ," ಎಂದರು ಅವರು. "ಬಿಸ್ಕೀಟು ಆಮ್ಯಾಲ ಕೊಡ್ರಿ. ಮೊದಲ ಸೂಜಿ ತೋರಸ್ರಿ. ಚುಚ್ಚತೀವಿ ಅಂತ ಹೇಳೇ ಚುಚ್ಚೋಣ."

ನಮ್ಮ ಜವಾನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಹೊಸ ಊರಿನಲ್ಲಿ ಒಬ್ಬ ಹವಾಲ್ದಾರ ನನಗೆ ಕೆಲಸ ಕಲಿಸಲು ಬಂದನಲ್ಲ ಎಂದು ನನಗೂ ಮೈ ಉರಿಯಿತು. ಆದರೂ ತೋರಿಸಿದೆ. ರಾಣಿ ಸೂಜಿ ಮೂಸಿದಳು, ಅವರ ಕಡೆ ನೋಡಿದಳು. "ಹೂಂ, ನೋಯತದ," ಎಂದರು ಅವರು, ಮಕ್ಕಳಿಗೆ ಹೇಳಿದ ಹಾಗೆ. ಅವಳು ತಲೆ ತಗ್ಗಿಸಿ ನಿಂತು ಚುಚ್ಚಿಸಿಕೊಂಡಳು. ಅಂದಿನಿಂದ ನಾನೂ ಯಾವ ಪ್ರಾಣಿಗೂ ಸೂಜಿ ಬಚ್ಚಿಟ್ಟವಳಲ್ಲ. ಒದೆಯುವ ಎಮ್ಮೆಗೆ ಇದರಿಂದ ಏನೂ ಉಪಯೋಗವಾಗಿಲ್ಲ ಎಂಬುದನ್ನೂ ಹೇಳಬೇಕು.

ಅವರ ಕೆಲಸದ ರೀತಿ ನನಗೆ ಬರಬರುತ್ತಾ ತಿಳಿಯಿತು. ಸಾಮಾನು ಸಾಲಾಗಿ ಇಟ್ಟಿರುತ್ತಾರೆ. ರಾಣಿ ಒಂದೊಂದನ್ನೇ ಮೂಸುತ್ತಾ ಹೋಗಬೇಕು. ಮದ್ದಿನ ವಾಸನೆ ಸಿಕ್ಕಿದರೆ ಬೊಗಳಬಾರದು, ಕೆರೆಯಬಾರದು. ಅಲ್ಲೇ ಸುಮ್ಮನೆ ಕುಳಿತುಬಿಡಬೇಕು. ಅವಳು ಕುಳಿತಳೆಂದರೆ ಆ ಸಾಮಾನಿಗೆ ತಪಾಸಣೆ, ಅವಳಿಗೆ ಒಂದು ಚೆಂಡು. ಆ ಚೆಂಡೇ ಅವಳ ಸಂಬಳ. ಮೋಮಿನಪುರದಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಚಾಚಾ ಹಳೆಯ ಕ್ಯಾನ್ವಾಸ್ ಬಟ್ಟೆಯಲ್ಲಿ ಅದನ್ನು ಹೊಲಿದು ಕೊಡುತ್ತಿದ್ದ. ಗೋಂದು ಬೇಡ, ಚರ್ಮ ಬೇಡ, ಬಣ್ಣ ಬೇಡ ಎಂಬ ಇವರ ಕರಾರು ಕೇಳಿ ಅವನು, "ಇದು ನಾಯಿ ಚೆಂಡೋ, ಮದುಮಗಳ ಒಡವಿಯೋ ಹವಾಲ್ದಾರ್ ಸಾಬ್?" ಎಂದು ರೇಗಿಸುತ್ತಿದ್ದನಂತೆ.

ಬಾಂಬೇನು ದಿನಾ ಸಿಗುತ್ತದೆಯೇ? ಮಂತ್ರಿಗಳು ಬಂದರೆ ಹೆಲಿಪ್ಯಾಡು, ಸಭೆಯ ಪೆಂಡಾಲು, ರೈಲ್ವೆ ಸ್ಟೇಷನ್ನು ಎಂದು ದಿನವಿಡೀ ಮೂಸಿದರೂ ಏನೂ ಇರುತ್ತಿರಲಿಲ್ಲ. ಅಂಥ ದಿನ ಅವರು ಅವಳನ್ನು ಶರಣಸಿರಸಗಿ ಕಡೆಯ ಹೊಲಕ್ಕೆ ಕರೆದುಕೊಂಡು ಹೋಗಿ, ಇಲಾಖೆ ತರಬೇತಿಗೆಂದು ಕೊಡುತ್ತಿದ್ದ ಮದ್ದಿನ ತುಣುಕನ್ನು ಒಂದು ಕಲ್ಲಿನ ಸಂದಿಯಲ್ಲಿಟ್ಟು ಹುಡುಕಿಸಿ, ಚೆಂಡು ಕೊಟ್ಟೇ ಮನೆಗೆ ತರುತ್ತಿದ್ದರು. "ದಿನಾ ಖಾಲಿ ಕೈಲೆ ಮನಿಗಿ ಹೋದ್ರ ಯಾರಿಗರೆ ಕೆಲಸದಾಗ ಮನಸ್ಸು ಇರತದೇನ್ರಿ?" ಎನ್ನುತ್ತಿದ್ದರು. ತಮ್ಮ ಊಟದ ಹೊತ್ತು ಮೀರಿದ್ದು ಅವರಿಗೆ ನೆನಪೇ ಇರುತ್ತಿರಲಿಲ್ಲ.

ಒಂದು ದಿನ ಅವರು ರಾಣಿಯ ಉಗುರು ಕತ್ತರಿಸಲು ದವಾಖಾನೆಗೆ ಬಂದಿದ್ದಾಗ, ಕಮಲಾಪುರದಿಂದ ಅವರ ತಂದೆ ಅಲ್ಲಿಗೇ ಹುಡುಕಿಕೊಂಡು ಬಂದರು. ತೆಳ್ಳಗಿನ, ಎತ್ತರದ ಮುದುಕ. ತಲೆಗೆ ಬಣ್ಣ ಹೋದ ದೊಡ್ಡ ರುಮಾಲು, ಕೈಚೀಲದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು. ಅವರು ಬೇವಿನ ಮರದ ಕೆಳಗೆ ನಿಂತದ್ದೇ ತಡ, ರಾಣಿ ಹೋಗಿ ಅವರ ಕಾಲ ಬುಡದಲ್ಲಿ ಕುಳಿತಳು. ಅಲುಗಾಡಲಿಲ್ಲ. ಅವಳು ಕುಳಿತರೆ ಏನರ್ಥ ಎಂದು ಗೊತ್ತಿದ್ದ ನಮ್ಮ ಜವಾನ, ಹಿಡಿದಿದ್ದ ಆಡನ್ನು ಬಿಟ್ಟು ಗೇಟಿನ ಹೊರಗೆ ಓಡಿದ. ಓಡಲು ನಾನೂ ಸೆರಗು ಸಿಕ್ಕಿಸಿಕೊಂಡಿದ್ದೆ.

ಹವಾಲ್ದಾರರು ಮಾತ್ರ ನಗುತ್ತಾ ಕಿಸೆಯಿಂದ ಚೆಂಡು ತೆಗೆದು ಅವಳಿಗೆ ಕೊಟ್ಟರು. "ಅಂಜಬ್ಯಾಡ್ರಿ ಮೇಡಂ. ನಮ್ಮಪ್ಪ ಬಾವಿಗಿ ಸುರಂಗ ಹಾರಸೋ ಮನಷ್ಯಾ. ಜಲ್ಮ ಪೂರ್ತಿ ಮದ್ದಿನ್ಯಾಗೇ ಕಳದಾನ."

ಬಾವಿ ತೋಡುವಾಗ ಬಂಡೆ ಅಡ್ಡ ಬಂದರೆ ಅದಕ್ಕೆ ತೂತು ಕೊರೆದು, ಮದ್ದಿನ ಕಡ್ಡಿ ತುಂಬಿ, ಬತ್ತಿ ಹಚ್ಚಿ ಮೇಲೆ ಓಡಿಬರುವುದು ಆ ಮುದುಕರ ಕಸುಬು. ಹಗ್ಗ ಹಿಡಿದು ಇಳಿಯಲು ಎರಡೂ ಕೈ ಬೇಕಾದ್ದರಿಂದ ಮದ್ದಿನ ಕಡ್ಡಿಗಳನ್ನು ರುಮಾಲಿನ ಸುತ್ತಿನಲ್ಲಿ ಸಿಗಿಸಿಕೊಂಡು ಬಾವಿಗೆ ಇಳಿಯುತ್ತಿದ್ದರಂತೆ. ಒಮ್ಮೆ ಮದ್ದು ಹೊತ್ತಿಸುವ ಕೇಪು ಕೈಯಲ್ಲೇ ಸಿಡಿದು ಬಲಗೈಯ ಮೂರು ಬೆರಳು ಹೋಗಿದ್ದವು. ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ಕಮಲಾಪುರದ ಅರ್ಧ ಬಾಳೆತೋಟಗಳು ಅವರು ಬಂಡೆ ಒಡೆದ ಬಾವಿಗಳ ನೀರು ಕುಡಿದೇ ಬೆಳೆದವು. ಅವುಗಳಲ್ಲಿ ಎಷ್ಟು ಬಾವಿಗಳಿಗೆ ಅವರ ಕೇರಿಯವರು ಕೊಡ ಇಳಿಸಬಹುದಿತ್ತು ಎಂದು ನಾನು ಕೇಳಿದಾಗ, ಮುದುಕರು ಬಾಳೆಹಣ್ಣು ಸುಲಿಯುತ್ತಾ, "ಅದೆಲ್ಲಾ ಯಾಕ ಬಿಡು ತಂಗಿ, ಹಣ್ಣು ತಿನ್ನು," ಎಂದಿದ್ದರು. ಆಮೇಲೆ ನಾಯಿಯ ಕಡೆ ತಿರುಗಿ, "ಇಷ್ಟು ವರ್ಷದಾಗ ನಾ ಏನ್ ಕೆಲಸ ಮಾಡೀನಂತ ಕೇಳದೇ ತಿಳಕೊಂಡಾಕಿ ಇಕಿ ಒಬ್ಬಾಕೀನೇ," ಎಂದರು. ಆ ಮಾತು ತಮಾಷೆಗೆ ಹೇಳಿದ್ದಲ್ಲ.

ಅದಾದ ಒಂದೆರಡು ವರ್ಷಕ್ಕೆ ಹವಾಲ್ದಾರರನ್ನೂ ರಾಣಿಯನ್ನೂ ದೂರದ ಒಂದು ವಿಮಾನ ನಿಲ್ದಾಣದ ಕಾವಲಿಗೆ ಕಳುಹಿಸಿದರು. ನಮ್ಮಲ್ಲಿ ಆಗ ವಿಮಾನ ಎಂದರೆ ಬಿಸಿಲಲ್ಲಿ ತಲೆಯೆತ್ತಿ ನೋಡುವ ಬಿಳಿ ಗೆರೆ ಅಷ್ಟೇ. ಅದು ಯಾವ ಊರಿನ ನಿಲ್ದಾಣವೆಂದು ಅವರು ಯಾರ ಮುಂದೆಯೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ನಾನೂ ಇಲ್ಲಿ ಬರೆಯುವುದಿಲ್ಲ. ಹೋಗುವ ದಿನ ರಾಣಿಗೆ ಪ್ರಯಾಣದ ಸರ್ಟಿಫಿಕೇಟ್ ಬರೆಸಲು ಬಂದವರು ಹೊಸ ಮದುಮಗನಂತೆ ಇಸ್ತ್ರಿಯ ಯೂನಿಫಾರ್ಮಿನಲ್ಲಿದ್ದರು. "ಮಂದಿ ಆಕಾಶದಾಗ ಹೋಗೂ ಮುಂದ ನಮ್ಮ ರಾಣಿ ಹೂಂ ಅನ್ನಬೇಕ್ರಿ," ಎಂದು ಹೆಮ್ಮೆಯಿಂದ ಹೇಳಿದರು.

ಎರಡು ವರ್ಷ ಬಿಟ್ಟು ಅವರು ತಿರುಗಿ ಬಂದಾಗ ಕೈಯಲ್ಲಿ ಮೇಲಿನ ಸಾಹೇಬರ ಪತ್ರವಿತ್ತು. ನಾಯಿ ಕೆಲಸ ಮಾಡುತ್ತಿಲ್ಲ, ಮದ್ದಿಟ್ಟ ಪೆಟ್ಟಿಗೆಯ ಮುಂದೆಯೂ ಕೂರುತ್ತಿಲ್ಲ; ಮೂಗು ಕೆಟ್ಟಿದೆ ಎಂದು ಪರೀಕ್ಷಿಸಿ ಬರೆದುಕೊಡಬೇಕು ಎಂಬುದು ಅದರ ಸಾರ. ಹಾಗೆ ಬರೆದುಕೊಟ್ಟರೆ ರಾಣಿಯನ್ನು ಪಟ್ಟಿಯಿಂದ ತೆಗೆದು ಹರಾಜು ಹಾಕುತ್ತಾರೆ. ನಾನು ಅವಳ ಮೂಗು, ಹಲ್ಲು, ಗಂಟಲು ಎಲ್ಲ ನೋಡಿದೆ. ಕಾಯಿಲೆ ಕಾಣಲಿಲ್ಲ. ಹೊರಗೆ ಒಂದು ಎಮ್ಮೆ ಹೆರಿಗೆಗೆ ಒದ್ದಾಡುತ್ತಿತ್ತು, ನನಗೆ ಅವಸರ. ಸಾಹೇಬರೇ ಕೇಳಿದ ಮೇಲೆ ಇನ್ನೇನು ಎಂದು, 'ಘ್ರಾಣಶಕ್ತಿ ಕುಂದಿದೆ' ಎಂದು ಅರ್ಧ ಸಾಲು ಬರೆದೇಬಿಟ್ಟೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಮೂಗು ಕೆಟ್ಟಿಲ್ರಿ ಮೇಡಂ," ಎಂದರು ಅವರು ಮೇಜಿನ ಆಚೆಯಿಂದ. "ಕೆಟ್ಟಾಂವ ನಾನು."

ನಾನು ಪೆನ್ನು ಇಟ್ಟೆ.

"ಒಬ್ರು ದೊಡ್ಡ ಮನಷ್ಯಾರ ಪೆಟಗಿ ಮುಂದ ಆಕಿ ಕುಂತಳ್ರಿ. ಬರೋಬರಿ ಕುಂತಳು. ನಾ ಚೆಂಡು ತೆಗಿಲಾಕ ಕಿಸೇದಾಗ ಕೈ ಹಾಕೀನಿ, ಅಷ್ಟರಾಗ ಅಲ್ಲಿ ಸಾಹೇಬ್ರು ಓಡಿ ಬಂದ್ರು. ಯಾರ ಸಾಮಾನಂತ ಗೊತ್ತದೇನೋ ನಿನಗ, ವಿಮಾನಕ್ಕ ಟೈಮ್ ಆಗ್ಯದ, ನಾಯಿ ಎಳ್ಕೋ ಅಂದ್ರು. ಎಳಕೊಂಡೆ. ಆಕಿ ಮತ್ತ ಹೋಗಿ ಅಲ್ಲೇ ಕುಂತಳು."

"ಆಮೇಲೆ?"

"ಉಹೂಂ ಅಂದೆ."

ನನಗೆ ಅದರ ತೂಕ ತಿಳಿಯಲಿಲ್ಲ, ಅವರೇ ಬಿಡಿಸಿ ಹೇಳಬೇಕಾಯಿತು. ಮರಿಯಾಗಿದ್ದಾಗ ಅವಳು ಏನೂ ಇಲ್ಲದ ಪೆಟ್ಟಿಗೆಯ ಮುಂದೆ ತಪ್ಪಿ ಕುಳಿತರೆ ಮಾತ್ರ ಅವರು 'ಉಹೂಂ' ಎನ್ನುತ್ತಿದ್ದರು. ತಪ್ಪಿಗೆ ಇಟ್ಟಿದ್ದ ಮಾತು ಅದು. ಬೇರೆ ಯಾವುದಕ್ಕೂ ಬಳಸಿರಲಿಲ್ಲ. ಅವಳು ನಿಜ ಹೇಳಿದಾಗ ಅವರು ಅದನ್ನು ಹೇಳಿಬಿಟ್ಟಿದ್ದರು.

"ಆಕಿ ಎದ್ದು ನನ್ನ ಮಾರಿ ನೋಡಿದಳ್ರಿ. ಅವತ್ತಿನಿಂದ ಮದ್ದು ಸಿಕ್ಕರೂ ಮೊದಲ ನನ್ನ ಮಾರಿ ನೋಡತಾಳ. ನಾ ಬ್ಯಾಡ ಅಂತೀನೇನೋ ಅಂತ. ನೋಡಿ ಮುಂದ ಹೋಗಿಬಿಡತಾಳ. ಪೆಟಗಿ ಬಿಟ್ಟು ನನ್ನ ಮಾರಿ ಓದಾಕತ್ತಾಳ್ರಿ ಮೇಡಂ."

"ಆ ಪೆಟ್ಟಿಗೆಯಲ್ಲಿ ಏನಿತ್ತು?"

"ವಿಮಾನ ಸುರಕ್ಷಿತ ಇಳೀತಂತ ಸುದ್ದಿ ಬರೂತನಕ ನಾ ನೀರು ಕುಡೀಲಿಲ್ರಿ. ಬಾಂಬ್ ಇತ್ತಂತ ನಾ ಅನ್ನಂಗಿಲ್ಲ. ಅವರದು ಕಲ್ಲಿನ ಖಣಿ ಇತ್ತಂತ ಆಮ್ಯಾಲ ಗೊತ್ತಾತು. ನಮ್ಮಪ್ಪನ ರುಮಾಲಿನಂಗ ಪೆಟಗಿಗಿ ವಾಸನಿ ಹತ್ತಿರಬೇಕು. ಏನರೆ ಇರಲಿ, ಆಕಿ ಹೇಳಿದ್ದು ಖರೆ ಇತ್ತಲ್ರಿ."

ಹರಾಜಾದರೆ ನೀವೇ ಯಾರ ಕಡೆಯಿಂದಾದರೂ ಕೊಳ್ಳಬಹುದಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವರು ತಲೆಯಾಡಿಸಿದರು. "ಆಕಿ ನನ್ನ ಮನಿಗಿ ಬರೋದಲ್ರಿ ಮಾತು. ಮೂಗಿಲ್ಲದಾಕಿ ಅಂತ ಹೆಸರು ಹಚ್ಚಿಕೊಂಡು ಬರಬಾರದು. ತಪ್ಪು ಮಾಡಿದಾಂವ ನಾನು, ಪಟ್ಟಿಯಿಂದ ಹೆಸರು ಹೊಡಿಸಿಕೊಳ್ಳಾಕಿ ಆಕಿ ಏನ್ರಿ?"

ಅರ್ಧ ಸಾಲನ್ನು ಹೊಡೆದುಹಾಕಿದೆ. ಎರಡು ತಿಂಗಳಿಗೆ ವಾರ್ಷಿಕ ಪರೀಕ್ಷೆ ಇತ್ತು. ಅದರಲ್ಲಿ ಅವಳು ಕೂತರೆ ಉಳಿದಳು. ಅಲ್ಲಿಯವರೆಗೆ ಅವಕಾಶ ಸಿಗಲೆಂದು, ಕಿವಿ ಸೋಂಕಾಗಿದೆ, ವಿಶ್ರಾಂತಿ ಬೇಕು ಎಂದು ಬರೆಯಲು ಹೊರಟೆ. ಅದಕ್ಕೂ ಅವರು ಒಪ್ಪಲಿಲ್ಲ. "ಇದರಾಗರೆ ಸುಳ್ಳು ಬ್ಯಾಡ್ರಿ," ಎಂದರು. ಎಮ್ಮೆ ಹೊರಗೆ ಅರಚುತ್ತಿತ್ತು. ಸಿಟ್ಟು ಬಂದು ಕಂಡದ್ದನ್ನೇ ಬರೆದೆ: 'ಮೂಗು ಸರಿಯಾಗಿದೆ. ಮನಸ್ಸಿಗೆ ಪೆಟ್ಟಾಗಿದೆ. ಹ್ಯಾಂಡ್ಲರ್ ಜೊತೆಗೆ ಎರಡು ತಿಂಗಳು ಬೇರೆ ಊರಿನಲ್ಲಿರುವುದು ಒಳ್ಳೆಯದು.' ಅದನ್ನು ಓದಿ ಸಾಹೇಬರು, ದನದ ಡಾಕ್ಟರಿಗೆ ಮೊದಲು ಚಿಕಿತ್ಸೆ ಆಗಬೇಕು ಎಂದು ನಕ್ಕರಂತೆ. ನಕ್ಕರೂ ರಜೆಗೆ ಸಹಿ ಹಾಕಿದರು, ಪುಣ್ಯಾತ್ಮ.

ಮುಂದಿನ ತಿಂಗಳು ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಲು ಕಮಲಾಪುರಕ್ಕೆ ಹೋಗಿದ್ದೆ. ಮಧ್ಯಾಹ್ನ ಕೆಲಸ ಮುಗಿಸಿ ಹವಾಲ್ದಾರರ ಮನೆ ಎಲ್ಲಿ ಎಂದು ಕೇಳಿದರೆ, ಎಮ್ಮೆ ಹಿಡಿದಿದ್ದ ಹೆಂಗಸು, "ಮನ್ಯಾಗ ಎಲ್ಲಿ ಇರತಾನ್ರಿ? ಬಾಳಿತೋಟದ ಹಿಂದ ಮಾರಿಗಿ ಟವೆಲ್ ಸುತಗೊಂಡು ಹುಚ್ಚರಂಗ ತಿರಗಾಕತ್ಯಾನ ನೋಡ್ರಿ," ಎಂದಳು.

ಹೋಗಿ ನೋಡಿದೆ. ಕೊಯ್ಲಾದ ಹೊಲದಲ್ಲಿ ಎಂಟು ಹತ್ತು ಮಂದಿ ಗಂಡಸರು ಪಂಕ್ತಿಗೆ ಕೂತಂತೆ ಸಾಲಾಗಿ ಕೂತಿದ್ದರು. ಕೇರಿಯ ನೆಂಟರು, ಹೊಲದ ಆಳುಗಳು. ಅವರ ನಡುವೆ ಒಂದು ಕಡೆ ತಂದೆ, ತಲೆಗೆ ಅದೇ ರುಮಾಲು. ರಾಣಿ ಒಬ್ಬೊಬ್ಬರನ್ನೇ ಮೂಸುತ್ತಾ ಬರುತ್ತಿದ್ದಳು. ಅವಳ ಹಗ್ಗದ ತುದಿಯಲ್ಲಿ ಹವಾಲ್ದಾರರು, ಕಣ್ಣು ಮೂಗು ಬಾಯಿ ಒಂದೂ ಕಾಣದಂತೆ ಬಿಳಿ ಟವೆಲ್ ಸುತ್ತಿಕೊಂಡು, ಹೆಂಟೆಗಳಿಗೆ ಎಡವುತ್ತಾ ಅವಳ ಹಿಂದೆ ನಡೆಯುತ್ತಿದ್ದರು. ಓದಲು ಮುಖವೇ ಇಲ್ಲದಿದ್ದರೆ ಅವಳು ತನ್ನ ಮೂಗನ್ನೇ ನಂಬಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಯಾವ ಪುಸ್ತಕದಲ್ಲೂ ಇದ್ದ ವಿದ್ಯೆಯಲ್ಲ, ಅವರೇ ಕಂಡುಕೊಂಡದ್ದು. ಮೂರು ವಾರದಿಂದ ದಿನಾ ಇದೇ ನಡೆದಿತ್ತಂತೆ. ಮೊದಮೊದಲು ಅವಳು ಮುದುಕರನ್ನು ಮೂಸಿ, ತಿರುಗಿ ಬಂದು, ಟವೆಲನ್ನು ಕಾಲಿನಿಂದ ಎಳೆದು ಕೆಳಗೆ ಬೀಳಿಸಿ, ಮುಖ ನೋಡಿ ಮುಂದೆ ಹೋಗುತ್ತಿದ್ದಳಂತೆ.

ನಾನು ಬಂದದ್ದನ್ನು ಯಾರೂ ಅವರಿಗೆ ಹೇಳಲಿಲ್ಲ. ರಾಣಿ ಮುದುಕರ ಮುಂದೆ ನಿಂತಳು. ರುಮಾಲನ್ನು ಮೂಸಿದಳು. ಕತ್ತು ತಿರುಗಿಸಿ ಟವೆಲಿನ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಮೂಸಿದಳು, ಮತ್ತೆ ನೋಡಿದಳು. ಹಿಂಗಾಲು ಸ್ವಲ್ಪ ಬಗ್ಗಿಸಿ ಮತ್ತೆ ನೆಟ್ಟಗಾದಳು. ಸಾಲಿನಲ್ಲಿದ್ದವರು ಬೀಡಿ ಸೇದುವುದನ್ನೂ ನಿಲ್ಲಿಸಿದ್ದರು. ನನ್ನ ಬಾಯಲ್ಲಿ, ಕೂಡೇ ತಾಯಿ, ಎಂಬ ಮಾತು ಬಂದು ಹಲ್ಲಿನ ಹಿಂದೆ ನಿಂತಿತ್ತು. ಅವಳು ನಿಧಾನವಾಗಿ, ವಯಸ್ಸಾದ ಹೆಂಗಸರು ಕಟ್ಟೆಯ ಮೇಲೆ ಕೂರುವ ಹಾಗೆ, ಕುಳಿತಳು.

"ಕುಂತಾಳಪ್ಪ," ಎಂದರು ಮುದುಕರು.

ಹವಾಲ್ದಾರರು ಟವೆಲ್ ತೆಗೆಯಲಿಲ್ಲ. ಚೆಂಡು ಕೊಟ್ಟವರೂ ಅವರಲ್ಲ. ಮುದುಕರು ಮಡಿಲಲ್ಲಿಟ್ಟುಕೊಂಡಿದ್ದ ಚೆಂಡನ್ನು ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದು ಅವಳ ಬಾಯಿಗೆ ಕೊಟ್ಟರು. "ಖರೆ ಹೇಳಿದಿ ನನ್ನವ್ವ," ಎಂದು ಅದೇ ಕೈಯಿಂದ ತಲೆ ಸವರಿದರು. ಟವೆಲಿನ ಒಳಗಿನಿಂದ ಹವಾಲ್ದಾರರು ಮೂಗೇರಿಸುವುದು ಕೇಳಿಸಿತು. ಆಮೇಲೆ ಅವರ ಮನೆಯಲ್ಲಿ, ಗೋಡೆಯ ಮೇಲೆ ಬುದ್ಧನ ಪಟವಿದ್ದ ಪಡಸಾಲೆಯಲ್ಲಿ ಕುಳಿತು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಮುದುಕರು ರುಮಾಲನ್ನು ಬಿಚ್ಚಿ ಗೂಟಕ್ಕೆ ಹಾಕಿದಾಗ ಸೊಸೆ, "ಒಂದ್ಸಲ ತೊಳಿತೀನಿ ಕೊಡ್ರಿ ಮಾಮಾ, ವಾಸನಿ ಹೊಡಿಯಾಕತ್ತದ," ಎಂದಳು. "ಅದಕ್ಕೇ ಇಟ್ಟೀನವಾ," ಎಂದರು ಅವರು.

ಪರೀಕ್ಷೆಯ ದಿನ ಪೊಲೀಸ್ ಮೈದಾನದಲ್ಲಿ ನಾನೂ ಇದ್ದೆ. ನಾಯಿಗಳ ಆರೋಗ್ಯ ನೋಡಲು ನನ್ನನ್ನು ಕರೆದಿದ್ದರು, ಕರೆಯದಿದ್ದರೂ ಹೋಗುತ್ತಿದ್ದೆ. ಎಂಟು ಪೆಟ್ಟಿಗೆಗಳು. ಯಾವುದರಲ್ಲಿ ಮದ್ದಿದೆ ಎಂದು ಪರೀಕ್ಷೆ ಮಾಡುವವರಿಗೆ ಮಾತ್ರ ಗೊತ್ತು. ಅಲ್ಲಿ ಟವೆಲ್ ಸುತ್ತಿಕೊಳ್ಳುವಂತಿರಲಿಲ್ಲ. ಹವಾಲ್ದಾರರು ಟೊಪ್ಪಿ ಸರಿಮಾಡಿಕೊಂಡು, ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ನಡೆದರು. ಐದನೆಯ ಪೆಟ್ಟಿಗೆಯ ಹತ್ತಿರ ರಾಣಿ ತಲೆಯೆತ್ತಿ ಅವರ ಮುಖ ನೋಡಿದಳು. ಮುಚ್ಚಿದ ಕಣ್ಣು, ಬಿಗಿದ ತುಟಿ. ಹೂಂ ಇಲ್ಲ, ಉಹೂಂ ಇಲ್ಲ. ಅವಳು ಮತ್ತೆ ಪೆಟ್ಟಿಗೆಯ ಕಡೆ ತಿರುಗಿ ಕುಳಿತಳು. "ಬರೋಬರ್," ಎಂದರು ಪರೀಕ್ಷೆ ಮಾಡುವವರು. ಕಣ್ಣು ತೆರೆದ ಹವಾಲ್ದಾರರಿಗೆ ಚೆಂಡು ಯಾವ ಕಿಸೆಯಲ್ಲಿದೆ ಎಂಬುದೇ ಮರೆತುಹೋಗಿತ್ತು.

ರಾಣಿ ಇನ್ನೂ ಮೂರು ವರ್ಷ ಕೆಲಸ ಮಾಡಿದಳು. ತನ್ನ ಇಡೀ ನೌಕರಿಯಲ್ಲಿ ಅವಳಿಗೆ ಒಂದೇ ಒಂದು ನಿಜವಾದ ಬಾಂಬೂ ಸಿಗಲಿಲ್ಲ. ನಾನು ಇದನ್ನು ಹೇಳಿ ಛೇಡಿಸಿದರೆ ಹವಾಲ್ದಾರರು, "ಇಲ್ಲ ಅಂತ ಆಕಿ ಹೇಳ್ಯಾಳಲ್ರಿ, ಅದನ್ನ ನಂಬಿ ಎಷ್ಟು ಮಂದಿ ಕುಂತು ಎದ್ದು ಮನಿಗಿ ಹೋಗ್ಯಾರ," ಎನ್ನುತ್ತಿದ್ದರು. ಅವಳ ನಿವೃತ್ತಿಯ ನಂತರ ಅರ್ಜಿ ಹಾಕಿ, ಸಾಹೇಬರ ಕೈಕಾಲು ಹಿಡಿದು, ಅವಳನ್ನು ಕಮಲಾಪುರದ ತಮ್ಮ ಮನೆಗೇ ಕರೆದುಕೊಂಡು ಹೋದರು. ಅಂದಿನಿಂದ ಅವರ ಹೆಂಡತಿ ಧಾರಾಳವಾಗಿ ಮಲ್ಲಿಗೆ ಮುಡಿದರು.

ಎರಡು ವರ್ಷದ ಮೇಲೆ ಮುದುಕರು ತೀರಿಕೊಂಡರು. ಆ ಮಣ್ಣಿಗೆ ನಾನು ಹೋಗಿದ್ದೆ. ಅಂಗಳದಲ್ಲಿ ಮಲಗಿಸಿ, ಮೀಯಿಸಿ, ಬಿಳಿ ಬಟ್ಟೆ ಹೊದಿಸಿದ್ದರು. ಪಡಸಾಲೆಯ ಬುದ್ಧನ ಪಟವನ್ನು ಇಳಿಸಿ ತಂದು ಅದರ ಮುಂದೆ ಮೇಣದ ಬತ್ತಿ ಹಚ್ಚಿದ್ದರು. ಆ ಹಳೆಯ ರುಮಾಲನ್ನು ಮಡಿಸಿ ತಲೆಯ ಪಕ್ಕದಲ್ಲಿಟ್ಟಿದ್ದರು. ಹೆಂಗಸರು ಅವರ ಒಂದೊಂದು ಬಾವಿಯ ಹೆಸರು ಹೇಳಿ ಅಳುತ್ತಿದ್ದರು. ರಾಣಿಗೆ ಆಗ ಹನ್ನೊಂದು. ಕಿವಿ ಕೇಳುತ್ತಿರಲಿಲ್ಲ, ಒಂದು ಕಣ್ಣಿಗೆ ಪೊರೆ. ಹಿತ್ತಲಲ್ಲಿ ಮಲಗಿದ್ದವಳು ಎದ್ದು, ಮಂದಿಯ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಂದಳು. ರುಮಾಲನ್ನು ಮೂಸಿದಳು. ಆ ಹೊತ್ತಿಗೆ ಹವಾಲ್ದಾರರು ಅವಳ ಎದುರಿಗೇ ಕೂತು ಅಳುತ್ತಿದ್ದರು, ಮುಖಕ್ಕೆ ಟವೆಲ್ ಇರಲಿಲ್ಲ. ಅವಳು ಅವರ ಮುಖದ ಕಡೆ ತಿರುಗಲೇ ಇಲ್ಲ. ಹೆಣದ ಪಕ್ಕದಲ್ಲಿ ಕುಳಿತುಬಿಟ್ಟಳು.

"ನಾಯಿ ಹೊಡಿರೋ," ಎಂದ ಯಾರೋ ಹಿಂದಿನಿಂದ.

ಹವಾಲ್ದಾರರು ಕೈಯೆತ್ತಿ ತಡೆದರು. ಎದ್ದು ಒಳಗೆ ಹೋಗಿ ಬಂದರು. ಕೈಯಲ್ಲಿ ಆ ಕ್ಯಾನ್ವಾಸ್ ಚೆಂಡಿತ್ತು.

"ಹೆಣದ ಮುಂದ ಚೆಂಡಾಟ ಏನೋ ಇದು?" ಎಂದರು ಹಿರಿಯರೊಬ್ಬರು.

"ಆಕಿ ಖರೆ ಹೇಳ್ಯಾಳ ಕಾಕಾ," ಎಂದರು ಹವಾಲ್ದಾರರು. "ಒಂದ್ಸಲ ಕೊಟ್ಟಿಲ್ಲ. ಇನ್ನೊಂದ್ಸಲ ಹಂಗ ಆ‍ಗಬಾರದು."

ಬಿಳಿ ಬಟ್ಟೆಯ ಅಂಚು ಸರಿಸಿ, ತಂದೆಯ ಬಲಗೈಯನ್ನು ಹೊರಗೆ ತೆಗೆದರು. ಉಳಿದಿದ್ದ ಎರಡು ಬೆರಳುಗಳ ನಡುವೆ ಚೆಂಡು ಇಟ್ಟು, ಅದು ಬೀಳದಂತೆ ತಮ್ಮ ಕೈಯಿಂದ ಆ ಕೈಯನ್ನು ಹಿಡಿದರು. ರಾಣಿ ಮುಂದೆ ಬಾಗಿ, ಬೆರಳಿಗೆ ಹಲ್ಲು ತಾಗದಂತೆ, ಚೆಂಡನ್ನು ತೆಗೆದುಕೊಂಡಳು.